ಬೇಸಿಗೆಗೆ ಮುಂಚೆ ಎಸಿಗೆ ಏನು ಮಾಡಬೇಕು? ಮಂಡ್ಯದ ಮೇಷ್ಟ್ರೊಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಾನು ನಿವೃತ್ತ ಹೈಸ್ಕೂಲ್ ಮೇಷ್ಟ್ರು. ಮಂಡ್ಯದ ಅಂಚಿನಲ್ಲಿ ಮನೆ, ಹಿಂದೆ ಕಬ್ಬಿನ ಗದ್ದೆ. ನಾಲ್ಕು ವರ್ಷದ ಹಿಂದೆ ಮಹಡಿ ರೂಮಿಗೆ ಒಂದೂವರೆ ಟನ್ನಿನ ಇನ್ವರ್ಟರ್ ಸ್ಪ್ಲಿಟ್ ಎಸಿ ಹಾಕಿಸಿದೆವು. ಬೇಸಿಗೆ ಬಿಟ್ಟರೆ ಉಪಯೋಗಿಸುವುದಿಲ್ಲ. ಜೂನ್‌ನಲ್ಲಿ ಹೊರಗಿನ ಯೂನಿಟ್ಟಿಗೆ ಟಾರ್ಪಾಲು ಸುತ್ತಿ ಕಟ್ಟಿಡುತ್ತೇವೆ. ಕಳೆದ ಎರಡು ಬೇಸಿಗೆಯಲ್ಲೂ ಗ್ಯಾಸ್ ಖಾಲಿ ಅಂತ ಹೇಳಿ ತುಂಬಿಸಿದರು. ಆದರೂ ಮಧ್ಯಾಹ್ನ ಮೂರು ಗಂಟೆ ಹೊತ್ತಿಗೆ ಬರೀ ಗಾಳಿ ಬರುತ್ತದೆ, ರಾತ್ರಿ ತಾನೇ ಸರಿಹೋಗುತ್ತದೆ. ಮೊದಲ ಮಳೆ ಬಿದ್ದ ವಾರ ಒಳಗಿನ ಯೂನಿಟ್ಟಿನಿಂದ ಗೋಡೆ ಮೇಲೆಲ್ಲ ನೀರು ಸುರಿಯಿತು. ಕೆಟ್ಟ ವಾಸನೆ ಬೇರೆ. ಮನೆಯಲ್ಲಿ 87 ವರ್ಷದ ತಾಯಿ ಇದ್ದಾರೆ. ಈ ಸಲ ಮುಂಚೆಯೇ ಏನೇನು ಮಾಡಿಸಬೇಕು? ಗ್ಯಾಸ್ ಪ್ರತಿ ವರ್ಷ ತುಂಬಿಸಲೇಬೇಕಾ? ಗೃಹಜ್ಯೋತಿ ಕೈತಪ್ಪದ ಹಾಗೆ ಎಸಿ ಹಾಕಬಹುದಾ?

ಉತ್ತರ: ಮೇಷ್ಟ್ರೇ, ಪ್ರಶ್ನೆ ಕೇಳುವಾಗಲೇ ಉತ್ತರದ ಮುಕ್ಕಾಲು ಭಾಗ ಬರೆದುಬಿಟ್ಟಿದ್ದೀರಿ. ಮನೆ ಹಿಂದೆ ಕಬ್ಬಿನ ಗದ್ದೆ. ಮಧ್ಯಾಹ್ನ ಮೂರಕ್ಕೆ ಕೈ ಕೊಡುತ್ತದೆ, ರಾತ್ರಿ ಸರಿಹೋಗುತ್ತದೆ. ಮಳೆ ಬಿದ್ದ ವಾರವೇ ನೀರು ಸುರಿಯಿತು. ಈ ಮೂರನ್ನೂ ಸೇರಿಸಿ ಓದಿದರೆ ನನಗೆ ಕಾಣುವುದು ಹೊರಗಡೆ ಮಸಿ, ಒಳಗಡೆ ಕೊಳೆ. ಗ್ಯಾಸ್ ಆಮೇಲಿನ ಮಾತು. ಎರಡು ವರ್ಷ ಗ್ಯಾಸ್ ತುಂಬಿಸಿದ ಮೇಲೂ ಅದೇ ಮೂರು ಗಂಟೆಗೆ ಅದೇ ತೊಂದರೆ ಬಂದಿದೆ ಅಂದರೆ ಕಾಯಿಲೆ ಇರುವುದು ಬೇರೆ ಕಡೆ, ಅಲ್ವಾ?

ಮೈಸೂರು, ಮಂಡ್ಯ ಎರಡೂ ಕಡೆ ಇಪ್ಪತ್ತೆರಡು ವರ್ಷದಿಂದ ಎಸಿ ರಿಪೇರಿ ಮಾಡಿಕೊಂಡು ಬಂದವನು ನಾನು. ಕೆಲಸ ಕಲಿಯುವ ಕಾಲಕ್ಕೆ ಮಂಡ್ಯದಲ್ಲಿ ಎಸಿ ಅಂದರೆ ಬ್ಯಾಂಕು, ನರ್ಸಿಂಗ್ ಹೋಮು, ಒಂದೆರಡು ಲಾಡ್ಜು. ಮನೆಗೆ ಯಾಕಪ್ಪಾ ಎಸಿ, ಬೆಳಗಿನ ಜಾವಕ್ಕೆ ದುಪ್ಪಟಿ ಹುಡುಕಬೇಕಾಗುತ್ತೆ ಅನ್ನುತ್ತಿದ್ದರು. ಈಗ ಮಾರ್ಚ್ ಬಂತು ಅಂದರೆ ನನ್ನ ಫೋನಿಗೆ ಬಿಡುವಿಲ್ಲ. ಅದಕ್ಕೇ ಮೊದಲ ಮಾತು: ದಿನ ನೋಡಿಕೊಳ್ಳಿ. ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಓಡಿಹೋಗುತ್ತದೆ ಅನ್ನುತ್ತಾರಲ್ಲ, ಎಸಿ ಕೆಲಸಕ್ಕೆ ಅದೇ ಗಡುವು. ಯುಗಾದಿ ಆದ ಮೇಲೆ ಕರೆದರೆ ಹುಡುಗರು ದಿನಕ್ಕೆ ಎಂಟು ಹತ್ತು ಮನೆ ಸುತ್ತುತ್ತಿರುತ್ತಾರೆ. ಬಂದು, ಪಂಪಿನಲ್ಲಿ ಎರಡು ಸಲ ನೀರು ಚಿಮ್ಮಿಸಿ, ಒತ್ತಡ ಅಳೆಯುವ ಗೇಜ್ ಇಟ್ಟು, 'ಗ್ಯಾಸ್ ಕಮ್ಮಿ ಇದೆ ಸಾರ್' ಅಂದು ಹೋಗುತ್ತಾರೆ. ಅವರ ತಪ್ಪೂ ಪೂರ್ತಿ ಅಲ್ಲ, ಒಂದು ಮನೆಗೆ ಅರ್ಧ ಗಂಟೆಗಿಂತ ಜಾಸ್ತಿ ಕೊಡುವುದಕ್ಕೆ ಅವರ ಹತ್ತಿರ ಇರುವುದಿಲ್ಲ. ಫೆಬ್ರವರಿಯಲ್ಲಿ ಕರೆದರೆ ಅದೇ ಹುಡುಗ ಎರಡು ಗಂಟೆ ಕೂತು ಕೆಲಸ ಮಾಡುತ್ತಾನೆ.

ಗ್ಯಾಸಿನ ಮಾತು ಮೊದಲು ಮುಗಿಸಿಬಿಡೋಣ, ನಿಮ್ಮ ದುಡ್ಡು ಹೋಗಿರುವುದು ಅಲ್ಲಿ. ಗ್ಯಾಸ್ ಅಂದ ತಕ್ಷಣ ನಮಗೆ ಅಡುಗೆ ಸಿಲಿಂಡರ್ ನೆನಪಾಗುತ್ತದೆ. ಉರಿದು ಮುಗಿಯಿತು, ಇನ್ನೊಂದು ತರಿಸು. ಎಸಿ ಓಡುವಾಗ ಅದರ ಗ್ಯಾಸು ಉರಿದು ಮುಗಿಯುವುದೂ ಇಲ್ಲ, ಸವೆಯುವುದೂ ಇಲ್ಲ. ಅದೇ ಗ್ಯಾಸು ಒಳಗೆ ತಣ್ಣಗಾಗಿ ರೂಮಿನ ಬಿಸಿಯನ್ನು ಹೀರಿಕೊಂಡು, ಹೊರಗೆ ಹೋಗಿ ಅದನ್ನು ಬಿಟ್ಟು, ಮತ್ತೆ ಒಳಗೆ ಬರುತ್ತದೆ. ಸುತ್ತುತ್ತಾ ಇರುತ್ತದೆ, ಅಷ್ಟೇ. ನಿಮ್ಮ ಮನೆ ಫ್ರಿಜ್ಜೂ ಇದೇ ಲೆಕ್ಕದಲ್ಲಿ ಕೆಲಸ ಮಾಡುತ್ತದೆ. ಹತ್ತು ಹದಿನೈದು ವರ್ಷದಲ್ಲಿ ಅದಕ್ಕೆ ಎಷ್ಟು ಸಲ ಗ್ಯಾಸ್ ತುಂಬಿಸಿದ್ದೀರಿ?

ಒಂದು ವ್ಯತ್ಯಾಸ ಇದೆ. ಫ್ರಿಜ್ಜನ್ನು ಫ್ಯಾಕ್ಟರಿಯಲ್ಲೇ ಬೆಸುಗೆ ಹಾಕಿ ಮುಚ್ಚಿ ಕಳಿಸುತ್ತಾರೆ. ಸ್ಪ್ಲಿಟ್ ಎಸಿಯ ಪೈಪನ್ನು ಮನೆಯಲ್ಲಿ ಜೋಡಿಸುತ್ತಾರೆ. ಎರಡು ತಾಮ್ರದ ಪೈಪು, ಎರಡೂ ತುದಿಯಲ್ಲಿ ಹಿತ್ತಾಳೆ ನಟ್ಟು, ಒಟ್ಟು ನಾಲ್ಕು ಜಾಯಿಂಟು. ಸೋರುವುದಿದ್ದರೆ ಬಹಳ ಸಲ ಆ ನಾಲ್ಕರಲ್ಲಿ ಒಂದು ಕಡೆ ಸೋರುತ್ತದೆ, ಇಲ್ಲವೇ ಗ್ಯಾಸು ಹರಿಯುವ ಸುರುಳಿ ಪೈಪು, ಅಂದರೆ ಕಾಯಿಲ್‌ನಲ್ಲಿ ಸಣ್ಣ ತೂತು ಬಿದ್ದಿರುತ್ತದೆ. ಸೋರಿಕೆ ಇದ್ದರೆ ಮುಚ್ಚಬೇಕು. ಮುಚ್ಚದೆ ತುಂಬಿಸುವುದು ತೂತಿನ ಬಿಂದಿಗೆಗೆ ನೀರು ಹೊತ್ತ ಹಾಗೆ.

ನಾನೂ ಈ ತಪ್ಪು ಮಾಡಿದವನೇ. ಕೆಲಸಕ್ಕೆ ಹೊಸಬನಾಗಿದ್ದಾಗ ಮೈಸೂರಿನ ಒಂದು ಮನೆಗೆ ಮೂರು ಬೇಸಿಗೆ ಸಾಲಾಗಿ ಗ್ಯಾಸ್ ತುಂಬಿಸಿದೆ. ನಾಲ್ಕನೇ ಸಲ ಹೋದಾಗ ಹೊರಗಿನ ಯೂನಿಟ್ಟಿನ ದಪ್ಪ ಪೈಪಿನ ನಟ್ಟಿನ ಕೆಳಗೆ ಒಂದು ಎಂಟಾಣೆ ಅಗಲದ ಕಲೆ ಕಂಡಿತು. ಎಣ್ಣೆ ಜಿಡ್ಡು, ಅದಕ್ಕೆ ಧೂಳು ಅಂಟಿ ಕಪ್ಪಗಾಗಿತ್ತು. ಸೋಪಿನ ನೊರೆ ಹಚ್ಚಿದರೆ ಸಣ್ಣ ಸಣ್ಣ ಗುಳ್ಳೆ ಏಳುತ್ತಿತ್ತು. ಪೈಪಿನ ತುದಿ ಕತ್ತರಿಸಿ ಹೊಸದಾಗಿ ಬಾಯಿ ಅಗಲಿಸಿ ನಟ್ಟು ಬಿಗಿದೆ. ಆಮೇಲೆ ಆ ಮನೆಗೆ ಗ್ಯಾಸಿಗಾಗಿ ಹೋಗಿಲ್ಲ. ಮೂರು ವರ್ಷದ ದುಡ್ಡು ವಾಪಸ್ ಕೊಡುವ ಧೈರ್ಯ ಆಗಲಿಲ್ಲ, ಆ ವರ್ಷದ್ದು ಮಾತ್ರ ತೆಗೆದುಕೊಳ್ಳಲಿಲ್ಲ. ಗ್ಯಾಸಿನ ಜೊತೆ, ಅದನ್ನು ಒತ್ತಿ ಓಡಿಸುವ ಕಂಪ್ರೆಸರಿನ ಎಣ್ಣೆಯೂ ಒಂದಿಷ್ಟು ಓಡಾಡುತ್ತಿರುತ್ತದೆ. ಹಾಗಾಗಿ ಗ್ಯಾಸು ಸೋರಿದ ಕಡೆ ಎಣ್ಣೆಯ ಗುರುತು ಉಳಿಯುತ್ತದೆ. ಬಿಸಿಲಲ್ಲಿ ನಿಂತು ಆ ನಟ್ಟುಗಳನ್ನು ನೀವೇ ನೋಡಬಹುದು, ಬಿಚ್ಚುವುದೇನೂ ಬೇಡ.

ಈ ಸಲ ಯಾರಾದರೂ 'ಗ್ಯಾಸ್ ಕಮ್ಮಿ' ಅಂದರೆ ಒಂದೇ ಪ್ರಶ್ನೆ ಕೇಳಿ: ಎಲ್ಲಿ ಸೋರಿದೆ ತೋರಿಸಪ್ಪ. ಬರೀ ಗೇಜ್ ಮುಳ್ಳು ತೋರಿಸಿದರೆ ಒಪ್ಪಬೇಡಿ. ನಿಮ್ಮದು ಇನ್ವರ್ಟರ್ ಎಸಿ, ಅದರ ಕಂಪ್ರೆಸರ್ ಒಂದೇ ವೇಗದಲ್ಲಿ ಓಡುವುದಿಲ್ಲ. ಜೋರಾಗಿ ಓಡಿದಾಗ ಮುಳ್ಳು ಇಳಿಯುತ್ತದೆ, ನಿಧಾನವಾದಾಗ ಏರುತ್ತದೆ. ಅದೊಂದನ್ನೇ ನೋಡಿ ತೀರ್ಪು ಕೊಡುವುದು ಓಡಿಬಂದವನ ನಾಡಿ ಹಿಡಿದು ಜ್ವರ ಅಂದ ಹಾಗೆ.

ನಿಜವಾಗಿಯೂ ಸೋರಿದ್ದರೆ ಕೆಲಸ ಹೀಗೆ ಆಗಬೇಕು. ಮೊದಲು ನೈಟ್ರೋಜನ್ ತುಂಬಿಸಿ ಒತ್ತಡ ನಿಲ್ಲುತ್ತದಾ ನೋಡಬೇಕು. ಸೋರುವ ಜಾಗ ಸರಿ ಮಾಡಬೇಕು. ವ್ಯಾಕ್ಯೂಮ್ ಪಂಪ್ ಇಟ್ಟು ಪೈಪಿನ ಒಳಗಿನ ಗಾಳಿ, ತೇವ ಎಲ್ಲ ಎಳೆಯಬೇಕು. ಇದಕ್ಕೆ ಇಪ್ಪತ್ತು ಮೂವತ್ತು ನಿಮಿಷವಾದರೂ ಬೇಕು. ಕೊನೆಗೆ ಗ್ಯಾಸ್ ಸಿಲಿಂಡರನ್ನು ತಕ್ಕಡಿ ಮೇಲೆ ಇಟ್ಟು, ಹೊರಗಿನ ಯೂನಿಟ್ಟಿನ ಪಕ್ಕದ ಲೇಬಲ್ಲಿನಲ್ಲಿ ಎಷ್ಟು ಬರೆದಿದೆಯೋ ಅಷ್ಟೇ ತೂಗಿ ಹಾಕಬೇಕು. ಯಾವ ಗ್ಯಾಸ್ ಅನ್ನುವುದೂ ಅಲ್ಲೇ ಇರುತ್ತದೆ. ನಾಲ್ಕು ವರ್ಷದ ಎಸಿ ಅಂದರೆ ಬಹುಶಃ ಆರ್-32.

ಆರ್-32 ಅಂದ ಮೇಲೆ ಎರಡು ಎಚ್ಚರಿಕೆ. ಅದಕ್ಕೆ ಸ್ವಲ್ಪ ಮಟ್ಟಿಗೆ ಬೆಂಕಿ ಹತ್ತುವ ಗುಣ ಇದೆ. ಕೆಲಸ ನಡೆಯುವಾಗ ಪಕ್ಕದಲ್ಲಿ ಯಾರೂ ಬೀಡಿ ಸಿಗರೇಟು ಹಚ್ಚಬಾರದು, ಕಿಟಕಿ ತೆಗೆದಿರಬೇಕು. ಎರಡನೆಯದು ಇನ್ನೂ ಮುಖ್ಯ. ನೈಟ್ರೋಜನ್ ಇಲ್ಲ ಅಂತ ಕೆಲವರು ವೆಲ್ಡಿಂಗ್ ಅಂಗಡಿಯ ಆಕ್ಸಿಜನ್ ಸಿಲಿಂಡರ್ ತಂದು ಒತ್ತಡ ಕೊಡಲು ನೋಡುತ್ತಾರೆ. ಒತ್ತಡದ ಆಕ್ಸಿಜನ್ನು ಕಂಪ್ರೆಸರ್ ಎಣ್ಣೆಗೆ ಸೇರಿದರೆ ಸಿಡಿಯುತ್ತದೆ, ಜೀವವೇ ಹೋಗಬಹುದು. ಮನೆಗೆ ತಂದ ಸಿಲಿಂಡರಿನ ಮೇಲೆ ಏನು ಬರೆದಿದೆ ಅಂತ ಓದಿ. ಮೇಷ್ಟ್ರು ಓದಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಈಗ ಮೂರು ಗಂಟೆಯ ಕಾಯಿಲೆಗೆ ಬರೋಣ. ಒಂದೂವರೆ ಟನ್ ಎಸಿ ಪೂರ್ತಿ ಕೆಲಸ ಮಾಡುವಾಗ ರೂಮಿನಿಂದ ಸುಮಾರು 5 ಕಿಲೋವ್ಯಾಟ್ ಬಿಸಿಯನ್ನು ಎತ್ತಿ ಹೊರಗೆ ಹಾಕುತ್ತದೆ. ಕಂಪ್ರೆಸರ್ ತಿನ್ನುವ ಕರೆಂಟೂ ಬಿಸಿಯಾಗಿ ಅಲ್ಲಿಗೇ ಸೇರುತ್ತದೆ. ಒಟ್ಟು ಆರೂವರೆ ಕಿಲೋವ್ಯಾಟ್ ಅಂದುಕೊಳ್ಳಿ. ಸಾವಿರ ವ್ಯಾಟಿನ ಆರು ಇಸ್ತ್ರಿ ಪೆಟ್ಟಿಗೆಯನ್ನು ಒಟ್ಟಿಗೆ ಕಾಯಿಸಿದಷ್ಟು ಬಿಸಿ. ಇಷ್ಟನ್ನೂ ಹೊರಗಿನ ಯೂನಿಟ್ಟು ತನ್ನ ಹಿಂದಿನ ತೆಳು ತಗಡಿನ ಜಾಲರಿಯ ಮೂಲಕ ಗಾಳಿಗೆ ಬಿಡಬೇಕು. ಹೊರಗೆ 37, 38 ಡಿಗ್ರಿ ಇರುವಾಗ ಅದು ಮೊದಲೇ ಕಷ್ಟದ ಕೆಲಸ. ಜಾಲರಿ ಕಟ್ಟಿಕೊಂಡಿದ್ದರೆ ಬಿಸಿ ಹೋಗುವುದಕ್ಕೆ ದಾರಿಯೇ ಇಲ್ಲ. ಒಳಗೆ ಒತ್ತಡ ಏರುತ್ತದೆ, ಕರೆಂಟು ಜಾಸ್ತಿ ಎಳೆಯುತ್ತದೆ, ಕೊನೆಗೆ ಕಂಪ್ರೆಸರ್ ತನ್ನನ್ನು ಕಾಪಾಡಿಕೊಳ್ಳಲು ನಿಂತುಬಿಡುತ್ತದೆ. ಒಳಗಿನ ಫ್ಯಾನ್ ಮಾತ್ರ ತಿರುಗುತ್ತಿರುತ್ತದೆ. ನಿಮಗೆ ಬರುತ್ತಿರುವ ಬರೀ ಗಾಳಿ ಅದೇ. ರಾತ್ರಿ ಹೊರಗೆ ತಣ್ಣಗಾದ ಮೇಲೆ ಹೊರೆ ಇಳಿಯುತ್ತದೆ, ಮತ್ತೆ ಹೊರಡುತ್ತದೆ. ಗ್ಯಾಸೇ ಇಲ್ಲದಿದ್ದರೆ ರಾತ್ರಿಯೂ ಚೆನ್ನಾಗಿ ತಣ್ಣಗಾಗುತ್ತಿರಲಿಲ್ಲ.

ಆ ಜಾಲರಿ ಮಂಡ್ಯದಲ್ಲಿ ಯಾಕೆ ಕಟ್ಟಿಕೊಳ್ಳುತ್ತದೆ ಅಂತ ನಿಮಗೆ ನಾನು ಹೇಳಬೇಕಾ! ಕಬ್ಬು ಕಡಿದ ಮೇಲೆ ಗದ್ದೆಯ ತರಗಿಗೆ ಬೆಂಕಿ ಇಡುತ್ತಾರೆ. ಕರಿ ಕರಿ ಚೂರು ಹಾರಿಬಂದು ಒಗೆದು ಹಾಕಿದ ಬಟ್ಟೆ ಮೇಲೆಲ್ಲ ಕೂರುತ್ತದೆ. ಹತ್ತಿರದಲ್ಲಿ ಆಲೆಮನೆ ಇದ್ದರೆ ಹೊಗೆ, ಮಸಿ ಬೇರೆ. ಮೈಸೂರಿನ ಮನೆಗಳಲ್ಲಿ ನಾನು ತೊಳೆಯುವ ಯೂನಿಟ್ಟಿನಿಂದ ಕೆಮ್ಮಣ್ಣಿನ ನೀರು ಇಳಿಯುತ್ತದೆ. ಕಬ್ಬಿನ ಗದ್ದೆ ಪಕ್ಕದ ಮನೆಗಳಲ್ಲಿ ಇಳಿಯುವುದು ಕಪ್ಪು ನೀರು, ಥೇಟು ಒಲೆ ಮೇಲಿನ ಪಾತ್ರೆ ಉಜ್ಜಿದ ನೀರಿನ ಹಾಗೆ. ಎದುರಿನಿಂದ ನೋಡಿದರೆ ಯೂನಿಟ್ಟು ಚೆನ್ನಾಗೇ ಕಾಣುತ್ತದೆ. ಫ್ಯಾನು ಗಾಳಿಯನ್ನು ಹಿಂದಿನಿಂದ ಎಳೆದುಕೊಳ್ಳುತ್ತದೆ, ಹಾಗಾಗಿ ಮಸಿ ಕೂರುವುದು ಗೋಡೆ ಕಡೆಯ ಬೆನ್ನಿನ ಮೇಲೆ. ಮೊಬೈಲ್ ಟಾರ್ಚ್ ಹಿಡಿದು ಪಕ್ಕದಿಂದ ಇಣುಕಿ ನೋಡಿ. ಬೆಳ್ಳಗೆ ಮಿನುಗಬೇಕಾದ ಜಾಲರಿ ಕಂಬಳಿ ಹೊದ್ದ ಹಾಗಿದ್ದರೆ ನಿಮ್ಮ ಮೂರು ಗಂಟೆಯ ಕಳ್ಳ ಅಲ್ಲೇ ಸಿಕ್ಕಿದ.

ಇದನ್ನು ಮನೆಯಲ್ಲೇ ತೊಳೆಯಬಹುದು, ಯೂನಿಟ್ಟು ನಿಂತ ಜಾಗಕ್ಕೆ ಧೈರ್ಯವಾಗಿ ಕೈ ತಲುಪುವುದಾದರೆ ಮಾತ್ರ. ಗೋಡೆಗೆ ನೇತುಹಾಕಿದ್ದರೆ, ಮಹಡಿಯಿಂದ ಬಗ್ಗಬೇಕಾದರೆ, ದಯವಿಟ್ಟು ಬೇಡ, ಕೆಲಸದವರಿಗೆ ಬಿಡಿ. ಕೈಗೆ ಸಿಗುವಂತಿದ್ದರೆ ಎಸಿಯ ಕರೆಂಟು ಕತ್ತರಿಸುವ ಸ್ವಿಚ್ಚು, ಅಂದರೆ ಎಂಸಿಬಿ ಇಳಿಸಿ, ಹತ್ತು ನಿಮಿಷ ಬಿಡಿ. ಮೊದಲು ಒಣ ಬ್ರಷ್‌ನಿಂದ ತಗಡಿನ ಗೆರೆಗುಂಟ ಮೇಲಿನಿಂದ ಕೆಳಗೆ ಎಳೆಯಿರಿ. ಅಡ್ಡ ಎಳೆದರೆ ತಗಡು ಮಡಚಿಕೊಳ್ಳುತ್ತದೆ. ಆಮೇಲೆ ಗಿಡಕ್ಕೆ ಬಿಡುವ ಪೈಪಿನಲ್ಲಿ ನೇರವಾಗಿ, ಮೆತ್ತಗೆ ನೀರು ಬಿಡಿ. ಕಪ್ಪು ನೀರು ನಿಂತು ತಿಳಿ ನೀರು ಬರುವ ತನಕ ಬಿಡುತ್ತಲೇ ಇರಿ. ಬೈಕ್ ತೊಳೆಯುವ ಪ್ರೆಶರ್ ಪಂಪು ಬೇಡ. ವಾಷಿಂಗ್ ಸೋಡ, ಟಾಯ್ಲೆಟ್ ತೊಳೆಯುವ ಆಸಿಡ್ ಎರಡೂ ಬೇಡ. ಅಲ್ಯೂಮಿನಿಯಂ ಪಾತ್ರೆಗೆ ಸೋಡ ಹಾಕಿ ಉಜ್ಜಿದರೆ ಕಪ್ಪಾಗುವುದನ್ನು ನಿಮ್ಮ ಮನೆಯವರು ಕಂಡಿರುತ್ತಾರೆ, ಇದೂ ಅದೇ ಅಲ್ಯೂಮಿನಿಯಂ. ವೈರ್ ಇರುವ ಬದಿಯ ಮುಚ್ಚಳ ಮಾತ್ರ ತೆಗೆಯಬೇಡಿ. ಕರೆಂಟ್ ತೆಗೆದ ಮೇಲೂ ಒಳಗಿನ ಕೆಪಾಸಿಟರ್ ಹೊಡೆಯುತ್ತದೆ.

ಒಂದು ಸಲ ತೊಳೆದರೆ ನಿಮಗೆ ಸಾಲದು. ಪಕ್ಕದ ಗದ್ದೆಯ ತರಗು ಸುಟ್ಟ ಮಾರನೇ ವಾರ ಮತ್ತೊಮ್ಮೆ ನೀರು ಬಿಡಿ. ಕೆಲವರು ಬೇಸಿಗೆಯಿಡೀ ಯೂನಿಟ್ಟಿನ ಮೇಲೆ ನೀರು ಹನಿಸುತ್ತಾರೆ, ತಣ್ಣಗಿರಲಿ ಅಂತ. ಬೋರ್ ನೀರಾದರೆ ಒಂದೇ ಬೇಸಿಗೆಗೆ ಜಾಲರಿ ಮೇಲೆ ಬಿಳಿ ಉಪ್ಪು ಗಟ್ಟಿಯಾಗಿ ಕಟ್ಟುತ್ತದೆ. ಮಸಿಯನ್ನಾದರೂ ತೊಳೆಯಬಹುದು, ಆ ಉಪ್ಪು ಬಿಡುವುದಿಲ್ಲ.

ಇನ್ನು ನೀರು ಸುರಿದ ಕಥೆ. ಇದು ನನಗೆ ಬಹಳ ಇಷ್ಟವಾದ ಸಮಸ್ಯೆ, ಯಾಕೆಂದರೆ ಇದರಲ್ಲಿ ಎಸಿಗಿಂತ ನಮ್ಮ ಊರಿನ ಹವೆಯ ಪಾತ್ರ ಜಾಸ್ತಿ. ಮಾರ್ಚ್, ಏಪ್ರಿಲ್ ಮಧ್ಯಾಹ್ನ ನಮ್ಮ ಕಡೆ ಗಾಳಿ ಒಣಗಿರುತ್ತದೆ. ಎಸಿಯ ತಣ್ಣನೆ ಕಾಯಿಲ್ ಮೇಲೆ ಹೆಚ್ಚು ನೀರು ಕೂರುವುದಿಲ್ಲ. ಡ್ರೈನ್ ಪೈಪು ಮುಕ್ಕಾಲು ಕಟ್ಟಿದ್ದರೂ ಆ ಸ್ವಲ್ಪ ನೀರು ಹೇಗೋ ಜಿನುಗಿ ಹೋಗುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಮೊದಲ ಮಳೆ ಬಿದ್ದ ತಕ್ಷಣ ಗಾಳಿಯಲ್ಲಿ ತೇವ ಏರುತ್ತದೆ. ತಂಬಿಗೆಗೆ ತಣ್ಣೀರು ಹಾಕಿಟ್ಟರೆ ಹೊರಗೆ ಬೆವರುತ್ತದಲ್ಲ, ಹಾಗೆ ಕಾಯಿಲ್ ಬೆವರಲು ಶುರು ಮಾಡುತ್ತದೆ. ಇದ್ದಕ್ಕಿದ್ದ ಹಾಗೆ ಬಕೆಟ್‌ಗಟ್ಟಲೆ ನೀರು. ಪೈಪು ಕಟ್ಟಿದೆ, ಕಾಯಿಲ್ ಕೆಳಗಿನ ತಟ್ಟೆ ತುಂಬಿತು, ಗೋಡೆ ಮೇಲೆ ಇಳಿಯಿತು. ಮಳೆ ನೀರೇ ಒಳಗೆ ನುಗ್ಗಿತು ಅಂತ ಎಷ್ಟೋ ಜನ ತಾರಸಿ ರಿಪೇರಿ ಮಾಡಿಸಿದ್ದನ್ನು ನೋಡಿದ್ದೇನೆ.

ಪರೀಕ್ಷೆ ಸುಲಭ. ಎಂಸಿಬಿ ಇಳಿಸಿ, ಒಳಗಿನ ಯೂನಿಟ್ಟಿನ ಮುಂದಿನ ಮುಚ್ಚಳ ಎತ್ತಿ, ಫಿಲ್ಟರ್ ತೆಗೆಯಿರಿ. ಹಿಂದೆ ಕಾಣುವ ಕಾಯಿಲ್ ಮೇಲೆ, ವೈರ್ ಇಲ್ಲದ ಬದಿಯಲ್ಲಿ, ಒಂದು ಲೋಟ ನೀರನ್ನು ನಿಧಾನವಾಗಿ ಹನಿಸಿ. ಒಬ್ಬರು ಹೊರಗೆ ಪೈಪಿನ ತುದಿಯಲ್ಲಿ ನಿಂತಿರಲಿ. ಎರಡು ಮೂರು ನಿಮಿಷದಲ್ಲಿ ನೀರು ಅಲ್ಲಿ ಬರಬೇಕು. ಬರಲಿಲ್ಲ ಅಂದರೆ ಕಟ್ಟಿದೆ. ಕಟ್ಟುವುದು ಬಹಳ ಸಲ ಲೋಳೆಯಿಂದ. ತೇವ, ಧೂಳು, ಕತ್ತಲೆ ಮೂರೂ ಸೇರಿ ಬೆಳೆದ ಲೋಳೆ. ವಾಸನೆಯೂ ಅದರದ್ದೇ. ಆದರೆ ಎಂಟು ತಿಂಗಳು ಒಣಗಿ ಬಿದ್ದ ಪೈಪು ಅಂದರೆ ನಾನು ಮೊದಲು ಅನುಮಾನ ಪಡುವುದು ಕುಂಬಾರ ಹುಳದ ಮೇಲೆ. ತುದಿಯಲ್ಲಿ ಅಚ್ಚುಕಟ್ಟಾಗಿ ಮಣ್ಣು ಮೆತ್ತಿ ಮನೆ ಕಟ್ಟಿರುತ್ತದೆ. ಕಡ್ಡಿಯಿಂದ ಕೆರೆದರೆ ಉದುರುತ್ತದೆ. ಆಮೇಲೆ ಹೊರ ತುದಿಯಿಂದ ಬಾಯಲ್ಲಿ ಊದಬೇಡಿ, ಸೈಕಲ್ ಪಂಪು ಸಾಕು. ಉಗುರು ಬೆಚ್ಚಗಿನ ನೀರು ಒಂದೆರಡು ಲೋಟ ಹಾಯಿಸಿ. ತುದಿಗೆ ಸೊಳ್ಳೆ ಪರದೆ ಬಟ್ಟೆಯ ಚೂರು ಕಟ್ಟಿದರೆ ಹುಳ ಮತ್ತೆ ಬರುವುದಿಲ್ಲ. ಇನ್ನೊಂದು, ಪೈಪಿನ ತುದಿಯನ್ನು ಬಕೆಟ್ ನೀರಿನೊಳಗೆ ಮುಳುಗಿಸಿ ಇಡುವವರಿದ್ದಾರೆ. ಹಾಗೆ ಮಾಡಿದರೆ ಗಾಳಿ ಸಿಕ್ಕಿಕೊಂಡು ನೀರು ಹಿಂದಕ್ಕೇ ನಿಲ್ಲುತ್ತದೆ.

ಫಿಲ್ಟರ್ ಹೊರಗೆ ಬಂದಿದೆಯಲ್ಲ, ಅದನ್ನು ನಲ್ಲಿ ಕೆಳಗೆ ಹಿಡಿದು ಹಿಂಭಾಗದಿಂದ ನೀರು ಬಿಟ್ಟು ತೊಳೆದು ನೆರಳಲ್ಲಿ ಒಣಗಿಸಿ. ಬಿಸಿಲಿಗೆ ಇಟ್ಟರೆ ಸೊಟ್ಟಗಾಗುತ್ತದೆ. ಎಸಿ ಹಾಕುವ ತಿಂಗಳುಗಳಲ್ಲಿ ಹದಿನೈದು ದಿನಕ್ಕೊಮ್ಮೆ ಇದೊಂದು ಮಾಡಿದರೆ ಅರ್ಧ ಸರ್ವೀಸ್ ಆದ ಹಾಗೆ. ಗಾಳಿ ಬರುವ ಬಾಯಿಯೊಳಗೆ ಟಾರ್ಚ್ ಬಿಟ್ಟು ನೋಡಿ. ಒಂದು ಉದ್ದನೆಯ ಉರುಳೆ ಕಾಣುತ್ತದೆ, ಅದೇ ಬ್ಲೋವರ್. ಅದರ ಸಣ್ಣ ಸಣ್ಣ ರೆಕ್ಕೆಗಳ ಮೇಲೆ ಕಪ್ಪು ಪದರ ಕಟ್ಟಿದ್ದರೆ ಅದು ಮನೆ ಕೆಲಸ ಅಲ್ಲ. ಸರ್ವೀಸಿನವರಿಗೆ ಹೇಳುವಾಗ ಸುಮ್ನೆ 'ಸರ್ವೀಸ್ ಮಾಡಿ' ಅನ್ನಬೇಡಿ. 'ಬ್ಲೋವರ್, ಡ್ರೈನ್ ತಟ್ಟೆ ಎರಡೂ ತೊಳೆಯಬೇಕು, ಹೊರಗಿನ ಯೂನಿಟ್ಟಿನ ಬೆನ್ನು ತೊಳೆಯಬೇಕು' ಅಂತ ಹೆಸರು ಹಿಡಿದು ಹೇಳಿ. ಹೇಳಿದ್ದನ್ನು ಮಾಡುತ್ತಾರೆ, ಹೇಳದ್ದನ್ನು ಬಿಡುತ್ತಾರೆ. ವಾಸನೆಗೆ ಸೆಂಟು, ಸ್ಪ್ರೇ ಏನೂ ಬೇಡ. ಎಸಿ ಆರಿಸುವ ಮುಂಚೆ ಹದಿನೈದು ಇಪ್ಪತ್ತು ನಿಮಿಷ ಬರೀ ಫ್ಯಾನ್ ಮೋಡ್‌ನಲ್ಲಿ ಬಿಡಿ, ಕಾಯಿಲ್ ಒಣಗುತ್ತದೆ. ಒಣಗಿದ ಕಡೆ ಲೋಳೆ ಬೆಳೆಯುವುದಿಲ್ಲ.

ಕರೆಂಟಿನ ವಿಚಾರ. ಶಿವನಸಮುದ್ರದಲ್ಲಿ 1902ರಲ್ಲೇ ಕರೆಂಟು ತಯಾರಾಗಿ ಕೋಲಾರದ ಚಿನ್ನದ ಗಣಿಗೆ ಹೋಯಿತು. ಅಂಥ ಜಿಲ್ಲೆಯಲ್ಲಿ ಕೂತು ಬೇಸಿಗೆ ಸಂಜೆ ವೋಲ್ಟೇಜ್ 180 ಅಂತ ಗೊಣಗುವಾಗ ನನಗೆ ನಗು ಬರುತ್ತದೆ. ಒಂದೇ ಟಿ.ಸಿ.ಗೆ (ಬೀದಿಯ ಟ್ರಾನ್ಸ್‌ಫಾರ್ಮರಿಗೆ) ಹತ್ತಾರು ಎಸಿ ಬಿದ್ದಾಗ ಹಾಗಾಗುತ್ತದೆ. ಈಗಿನ ಇನ್ವರ್ಟರ್ ಎಸಿಗಳು ಸ್ವಲ್ಪ ಏರಿಳಿತ ತಡೆಯುತ್ತವೆ, ನಿಮ್ಮ ಪುಸ್ತಕದಲ್ಲಿ ಎಷ್ಟರಿಂದ ಎಷ್ಟು ಅಂತ ಬರೆದಿರುತ್ತದೆ. ಅದಕ್ಕಿಂತ ಕೆಳಗೆ ಇಳಿಯುವುದಾದರೆ ಸ್ಟೆಬಿಲೈಸರ್ ಹಾಕಿಸಿ. ನನಗೆ ಹೆಚ್ಚು ಭಯ ಇರುವುದು ಪ್ಲಗ್ ಪಾಯಿಂಟ್ ಬಗ್ಗೆ. ಒಂದು ಗಂಟೆ ಎಸಿ ಓಡಿಸಿ, ಆರಿಸಿ, ಪ್ಲಗ್ಗಿನ ಮೇಲೆ ಕೈ ಇಟ್ಟು ನೋಡಿ. ಸ್ವಲ್ಪ ಬೆಚ್ಚಗಿದ್ದರೆ ಸರಿ. ಕೈ ಇಡಲಾಗದಷ್ಟು ಬಿಸಿ ಇದ್ದರೆ, ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿದ್ದರೆ, ಒಳಗೆ ಸಡಿಲ ಇದೆ. ಅದನ್ನು ಬದಲಾಯಿಸದೆ ಎಸಿ ಹಾಕಬೇಡಿ. ಮೀಟರಿನಿಂದ ಎಸಿಗೇ ಬೇರೆ ಎಂಸಿಬಿ, 4 ಚದರ ಮಿಲಿಮೀಟರ್ ತಾಮ್ರದ ವೈರ್ ಇದ್ದರೆ ನಿಶ್ಚಿಂತೆ. ಅರ್ಥಿಂಗ್ ಗುಂಡಿ ಬೇಸಿಗೆಯಲ್ಲಿ ಒಣಗುತ್ತದೆ, ವಾರಕ್ಕೊಮ್ಮೆ ಒಂದು ಬಿಂದಿಗೆ ನೀರು ಹುಯ್ಯಿರಿ. ಇನ್ನು ರಿಮೋಟಿನ ಸೆಲ್ ಬದಲಾಯಿಸಿ. ನಗಬೇಡಿ, ಪ್ರತಿ ಮಾರ್ಚ್‌ನಲ್ಲಿ ಸೆಲ್ ಹಾಕಿಕೊಡಲು ನಾನು ಎರಡು ಮೂರು ಮನೆಗೆ ಹೋಗುತ್ತೇನೆ.

ಇಷ್ಟೆಲ್ಲ ಆದ ಮೇಲೆ ಒಂದು ಮಧ್ಯಾಹ್ನ ಪರೀಕ್ಷೆ ಇಡಿ. ಬಾಗಿಲು ಕಿಟಕಿ ಹಾಕಿ, ಕೂಲ್ ಮೋಡ್‌ನಲ್ಲಿ 18ಕ್ಕೆ ಇಟ್ಟು ಅರ್ಧ ಗಂಟೆ ಬಿಡಿ. ಗೋಡೆಗೆ ತೂಗುಹಾಕುವ ಹವಾ ಥರ್ಮಾಮೀಟರ್ ಒಂದು ತನ್ನಿ, ಜ್ವರ ನೋಡುವುದು ಆಗುವುದಿಲ್ಲ. ಮೇಲೆ ಎಸಿ ಗಾಳಿ ಎಳೆದುಕೊಳ್ಳುವ ಕಡೆ ಐದು ನಿಮಿಷ, ಗಾಳಿ ಬರುವ ಬಾಯಿಯ ಮುಂದೆ ಐದು ನಿಮಿಷ ಹಿಡಿದು ಎರಡನ್ನೂ ಬರೆದುಕೊಳ್ಳಿ. ವ್ಯತ್ಯಾಸ ಸುಮಾರು 8ರಿಂದ 12 ಡಿಗ್ರಿ ಬಂದರೆ ನಿಮ್ಮ ಎಸಿ ಗಟ್ಟಿಮುಟ್ಟಾಗಿದೆ, ಗ್ಯಾಸಿನ ಮಾತೇ ಬೇಡ. ತೊಳೆದ ಮೇಲೂ ನಾಲ್ಕೈದು ಡಿಗ್ರಿಗೇ ನಿಂತರೆ, ಅಥವಾ ಹೊರಗಿನ ಯೂನಿಟ್ಟಿನಲ್ಲಿ ಸಣ್ಣ ಪೈಪಿನ ನಟ್ಟಿನ ಮೇಲೆ ಬಿಳಿ ಮಂಜು ಕಟ್ಟಿದರೆ, ಆಗ ಗ್ಯಾಸ್ ಸೋರಿಕೆ ಹುಡುಕಿಸಿ. ಈ ಲೆಕ್ಕವನ್ನು ಡೈರಿಯಲ್ಲಿ ಬರೆದಿಡಿ. ಮುಂದಿನ ವರ್ಷ ಯಾರು ಏನೇ ಹೇಳಲಿ, ನಿಮ್ಮ ಹತ್ತಿರ ಮಾರ್ಕ್ಸ್ ಕಾರ್ಡ್ ಇರುತ್ತದೆ.

ಗೃಹಜ್ಯೋತಿಯ ಲೆಕ್ಕ ನಾಜೂಕು. ತಿಂಗಳಿಗೆ 200 ಯೂನಿಟ್ ದಾಟಿದರೆ ಆ ತಿಂಗಳ ಬಿಲ್ಲು ಪೂರ್ತಿ ಕಟ್ಟಬೇಕು. ನಿಮ್ಮ ಎಸಿ ಸರಾಸರಿ ಗಂಟೆಗೆ 0.8 ಯೂನಿಟ್ ತಿನ್ನುತ್ತದೆ ಅಂತ ಇಟ್ಟುಕೊಳ್ಳಿ. ದಿನಕ್ಕೆ 8 ಗಂಟೆ, 30 ದಿನ, 192 ಯೂನಿಟ್ ಎಸಿಗೇ ಆಯಿತು. ಫ್ರಿಜ್ಜು, ಮೋಟರು, ಟಿವಿ ಎಲ್ಲ ಇನ್ನೂ ಬಾಕಿ. ಹಾಗಾಗಿ ರಾತ್ರಿಯಿಡೀ ಎಸಿ ಹಾಕಿಕೊಂಡು 200ರ ಒಳಗೆ ಇರುತ್ತೇನೆ ಅನ್ನುವುದು ಕಷ್ಟ, ಸುಳ್ಳು ಭರವಸೆ ಕೊಡುವುದಿಲ್ಲ. ದಿನಕ್ಕೆ ಮೂರು ನಾಲ್ಕು ಗಂಟೆಗೆ ಇಳಿಸಿದರೆ ಸಾಧ್ಯ. ಅಂದಾಜು ನಂಬಬೇಡಿ. ಮಲಗುವಾಗ ಮೀಟರ್ ನೋಡಿ, ಬೆಳಿಗ್ಗೆ ನೋಡಿ. ಒಂದು ದಿನ ಎಸಿ ಹಾಕಿ, ಒಂದು ದಿನ ಹಾಕದೆ. ವ್ಯತ್ಯಾಸವೇ ನಿಮ್ಮ ಎಸಿಯ ಊಟ.

ಆ ಊಟ ಕಡಿಮೆ ಮಾಡುವ ದಾರಿ ರಿಮೋಟಿನಲ್ಲಿ ಸ್ವಲ್ಪ, ತಾರಸಿಯಲ್ಲಿ ಜಾಸ್ತಿ ಇದೆ. 2020ರ ಜನವರಿಯಿಂದ ಹೊಸ ಎಸಿಗಳು ಆನ್ ಮಾಡಿದ ತಕ್ಷಣ 24 ಡಿಗ್ರಿಗೆ ಬರಬೇಕು ಅಂತ ಕೇಂದ್ರ ಸರ್ಕಾರ ನಿಯಮ ಮಾಡಿದೆ. ಒಂದು ಡಿಗ್ರಿ ಏರಿಸಿದರೆ ಸುಮಾರು ನೂರಕ್ಕೆ 6ರಷ್ಟು ಕರೆಂಟು ಉಳಿಯುತ್ತದೆ ಅನ್ನುವುದು ಕರೆಂಟು ಉಳಿತಾಯ ನೋಡಿಕೊಳ್ಳುವ ಕೇಂದ್ರದ ಸಂಸ್ಥೆ ಬಿಇಇಯ ಲೆಕ್ಕ. ನಿಮ್ಮ ತಾಯಿಗಂತೂ 26, 27 ಸಾಕು, ಜೊತೆಗೆ ಸೀಲಿಂಗ್ ಫ್ಯಾನು ಒಂದರಲ್ಲೋ ಎರಡರಲ್ಲೋ ತಿರುಗಲಿ. ವಯಸ್ಸಾದವರ ಮೈಮೇಲೆ ಗಾಳಿ ನೇರ ಬೀಳದ ಹಾಗೆ ರೆಕ್ಕೆ ಮೇಲಕ್ಕೆ ತಿರುಗಿಸಿ. ಎಸಿ ರೂಮಿನಲ್ಲಿ ಬಾಯಾರಿಕೆ ಗೊತ್ತಾಗುವುದಿಲ್ಲ, ನೀರು ಕೇಳುವ ಮುಂಚೆಯೇ ಕೊಡುತ್ತಿರಿ.

ಮಹಡಿ ರೂಮು ಅಂದಿರಿ. ಕಾಂಕ್ರೀಟ್ ತಾರಸಿ ಹಗಲೆಲ್ಲ ಬಿಸಿಲು ಕುಡಿದು, ರಾತ್ರಿ ಹತ್ತು ಹನ್ನೊಂದರ ತನಕ ರೂಮಿಗೆ ಕಕ್ಕುತ್ತಿರುತ್ತದೆ. ಎಸಿ ಆ ತಾರಸಿಯ ಜೊತೆ ಗುದ್ದಾಡುತ್ತದೆ. ಮಾರ್ಚ್ ಮೊದಲ ವಾರ ತಾರಸಿಗೆ ಸುಣ್ಣವನ್ನೋ, ಬಿಸಿಲು ತಡೆಯುವ ಬಿಳಿ ಪೇಂಟನ್ನೋ ಹೊಡೆಸಿ. ಪಡುವಣ ಕಿಟಕಿಗೆ ಹೊರಗಡೆಯಿಂದ ಮರೆ ಕಟ್ಟಿ, ಒಳಗಿನ ಪರದೆ ಅಷ್ಟು ಕೆಲಸ ಮಾಡುವುದಿಲ್ಲ. ಲಾವಂಚದ ತಟ್ಟಿ ಸಿಕ್ಕರೆ ಇನ್ನೂ ಒಳ್ಳೆಯದು. ಏಪ್ರಿಲ್‌ನ ಒಣ ಗಾಳಿಯಲ್ಲಿ ಅದಕ್ಕೆ ನೀರು ಚಿಮುಕಿಸಿದರೆ ಸಂಜೆಯ ತನಕ ಎಸಿಯೇ ಬೇಡ ಅನ್ನಿಸುತ್ತದೆ. ಆದರೆ ಎಸಿ ಓಡುವಾಗ ಮಾತ್ರ ತಟ್ಟಿಗೆ ನೀರು ಹಾಕಬೇಡಿ, ಆ ತೇವವನ್ನೂ ಎಸಿಯೇ ಒಣಗಿಸಬೇಕಾಗುತ್ತದೆ. ಸಂಜೆ ಎಸಿ ಹಾಕುವ ಮುಂಚೆ ಹತ್ತು ನಿಮಿಷ ಕಿಟಕಿ ತೆಗೆದು ಒಳಗಿನ ಕಾದ ಗಾಳಿಯನ್ನು ಹೊರಗೆ ಬಿಡಿ.

ಕೊನೆಗೆ ಆ ಟಾರ್ಪಾಲು. ಅದನ್ನು ಇನ್ನು ಕಟ್ಟಬೇಡಿ. ಹೊರಗಿನ ಯೂನಿಟ್ಟನ್ನು ಮಳೆ ಬಿಸಿಲಲ್ಲಿ ಇರಲಿ ಅಂತಲೇ ಮಾಡಿರುತ್ತಾರೆ. ಸುತ್ತಿ ಕಟ್ಟಿದರೆ ಒಳಗೆ ತೇವ ನಿಂತು ತುಕ್ಕು ಹಿಡಿಯುತ್ತದೆ, ಇಲಿಗೆ ಬೆಚ್ಚನೆ ಮನೆ ಆಗುತ್ತದೆ. ಮೇಲೆ ಒಂದು ಹಲಗೆ ಇಟ್ಟರೆ ಸಾಕು, ತೆಂಗಿನ ಗರಿ ಬಿದ್ದರೂ ಪೆಟ್ಟಾಗುವುದಿಲ್ಲ. ಬಿಚ್ಚಿದಾಗ ಪೈಪಿನ ಕಪ್ಪು ಫೋಮ್ ಸುತ್ತನ್ನೂ ನೋಡಿ. ಅಳಿಲುಗಳು ಗೂಡಿಗೆ ಅಂತ ಕಿತ್ತುಕೊಂಡು ಹೋಗಿರುತ್ತವೆ, ಅಲ್ಲಿ ಹೊಸದು ಸುತ್ತಿಸಿ. ಬಿಚ್ಚುವ ಮುಂಚೆ ಮಾತ್ರ ಒಂದು ಕೋಲಿನಿಂದ ಟಾರ್ಪಾಲಿನ ಮೇಲೆ ನಾಲ್ಕು ಸಲ ತಟ್ಟಿ, ಸ್ವಲ್ಪ ಹೊತ್ತು ದೂರ ನಿಲ್ಲಿ. ಹಿಂದೆ ಕಬ್ಬಿನ ಗದ್ದೆ ಇದೆ, ಇಲಿ ಇದ್ದ ಕಡೆ ಹಾವೂ ಬಂದಿರುತ್ತದೆ. ಹೋದ ವರ್ಷ ನಾನು ಹಾಗೇ ಕೈ ಹಾಕಿ, ಏಣಿಯಿಂದ ಹಾರಿ, ಒಂದು ವಾರ ಕುಂಟುತ್ತಾ ಓಡಾಡಿದೆ.